ಪುಸ್ತಕದಲ್ಲಿ ಹಾಗಿಲ್ಲ!

ಥಿಯೇಟರಿನಲ್ಲಿ ದೀಪ ಆರಿ, ಹೆಸರುಗಳು ಬರಲು ಶುರುವಾಗಿದ್ದವು ಅಷ್ಟೇ. ‘ಜನಪ್ರಿಯ ಕಾದಂಬರಿ ಆಧಾರಿತ’ ಎಂಬ ಸಾಲು ಕಂಡ ಕೂಡಲೇ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ, ಪರೀಕ್ಷೆ ಹಾಲಿನಲ್ಲಿ ಕಾಪಿ ಹಿಡಿಯಲು ಮೇಷ್ಟ್ರು ಕೂರುವ ಹಾಗೆ. ಪರದೆಯ ಮೇಲೆ ಒಂದು ಮನೆ ಬಂತು.

“ಬಾಗಿಲು ಹಸಿರು ಇರಬೇಕಿತ್ತು,” ಅಂದೆ ಪಕ್ಕದವರಿಗೆ.

ಅವರು ಯಾರೋ ಏನೋ. “ಹೌದಾ ಸಾರ್,” ಅಂದರು, ಪಾಪ.

ಹತ್ತು ನಿಮಿಷ ಆಯಿತು. “ಈ ಚಿಕ್ಕಪ್ಪ ಇಷ್ಟು ಹೊತ್ತಿಗೆ ಸತ್ತಿರಬೇಕಿತ್ತು.”

ಅವರು ತಿರುಗಿ ನೋಡಿದರು. ಪರದೆಯ ಮೇಲೆ ಚಿಕ್ಕಪ್ಪ ಗುಂಡುಕಲ್ಲಿನಂತೆ ಓಡಾಡಿಕೊಂಡಿದ್ದ. ಅವನು ಸಾಯುವುದೇ ಕಥೆಯ ದೊಡ್ಡ ಗುಟ್ಟು ಅನ್ನುವುದು ನನಗೆ ಆಗ ಹೊಳೆಯಲಿಲ್ಲ. “ಅದು ಬಿಡಿ, ಕೊನೆಗೆ ದೀಪದ ದೃಶ್ಯ ಬರುತ್ತೆ, ಅದನ್ನ ನೋಡಿ,” ಎಂದು ಸಮಾಧಾನ ಹೇಳಿದೆ. ಇಂಟರ್‌ವಲ್ ಆದ ಮೇಲೆ ಅವರು ಆ ಸೀಟಿಗೆ ವಾಪಸ್ ಬರಲಿಲ್ಲ. ನನ್ನ ಹೆಂಡತಿಯಂತೂ ಮೊದಲೇ ನಾಲ್ಕು ಸಾಲು ಹಿಂದೆ ಟಿಕೆಟ್ ತೆಗೆದುಕೊಂಡಿದ್ದಳು. ಅನುಭವಸ್ಥೆ.

ದೀಪದ ದೃಶ್ಯ ಬರಲೇ ಇಲ್ಲ. ಆ ವಿಚಾರ ಆಮೇಲೆ ಹೇಳುತ್ತೇನೆ, ಸ್ವಲ್ಪ ಎದೆ ಗಟ್ಟಿ ಮಾಡಿಕೊಳ್ಳಬೇಕು.

ನಾವು ಓದುಗರು ಸಾಮಾನ್ಯ ಜನ ಅಲ್ಲ. ಕಾದಂಬರಿಯ ಕಾವಲುಗಾರರು. ಸಂಬಳ ಇಲ್ಲ, ರಜೆಯೂ ಇಲ್ಲ. ಬರೆದವರೇ ಹಕ್ಕು ಮಾರಿ, ದುಡ್ಡು ಎಣಿಸಿಕೊಂಡು, ಹೊದ್ದು ಮಲಗಿದ್ದರೂ ನಮಗೆ ನಿದ್ದೆ ಬರುವುದಿಲ್ಲ.

ಒಂದೇ ಒಂದು ಪದದ ಕಥೆ ಕೇಳಿ. ‘ಹ್ಯಾರಿ ಪಾಟರ್’ ಸರಣಿಯ ನಾಲ್ಕನೇ ಪುಸ್ತಕ 2000ದಲ್ಲಿ ಬಂತು. ಆರುನೂರಕ್ಕೂ ಹೆಚ್ಚು ಪುಟ. ಅದರಲ್ಲಿ ಒಂದು ಕಡೆ, ‘ಸ್ಪರ್ಧೆಗೆ ನಿನ್ನ ಹೆಸರು ನೀನೇ ಹಾಕಿದೆಯಾ’ ಎಂದು ಹೆಡ್‌ಮಾಸ್ತರರು ಹುಡುಗನನ್ನು ಶಾಂತವಾಗಿ ಕೇಳುತ್ತಾರೆ. 2005ರ ಸಿನಿಮಾದಲ್ಲಿ ಅದೇ ಹೆಡ್‌ಮಾಸ್ತರರು ನುಗ್ಗಿ ಬಂದು, ಹುಡುಗನನ್ನು ಹಿಡಿದು ಅಲ್ಲಾಡಿಸಿ ಕೇಳುತ್ತಾರೆ. ಅಷ್ಟೇ ಆದದ್ದು. ಡ್ರ್ಯಾಗನ್ ಬೆಂಕಿ ಉಗುಳಿದ್ದಕ್ಕೆ ಯಾರದೂ ತಕರಾರಿಲ್ಲ. ಖಳನಾಯಕ ಕೊಪ್ಪರಿಗೆಯಿಂದ ಎದ್ದು ಬಂದದ್ದನ್ನು ಎಲ್ಲರೂ ಒಪ್ಪಿಕೊಂಡರು. ಆದರೆ ಆ ‘ಶಾಂತವಾಗಿ’ ಎಲ್ಲಿ ಹೋಯಿತು? ಇಪ್ಪತ್ತು ವರ್ಷವಾಯಿತು, ಲೋಕದ ಓದುಗರೆಲ್ಲ ಇನ್ನೂ ಅದನ್ನೇ ಕೇಳುತ್ತಿದ್ದಾರೆ. ಅದೂ ಶಾಂತವಾಗಿ ಅಲ್ಲ.

ಆ ಹುಡುಗನ ಕಣ್ಣಿನ ವಿಷಯವೂ ಇದೆ. ಪುಸ್ತಕದಲ್ಲಿ ಹಸಿರು ಕಣ್ಣು, ನಟನದು ನೀಲಿ. ಹಸಿರು ಲೆನ್ಸ್ ಹಾಕಿ ನೋಡಿದರಂತೆ. ಹುಡುಗನ ಕಣ್ಣಿಗೆ ಅದು ಒಗ್ಗಲಿಲ್ಲ, ಬಿಟ್ಟರು. ಇದು ಗೊತ್ತಿದ್ದೂ ನಾವು ಕ್ಷಮಿಸಿಲ್ಲ. ಕಣ್ಣು ಉರಿದರೆ ಎರಡು ದಿನ ಉರಿಯುತ್ತೆ, ಪುಸ್ತಕ ಶಾಶ್ವತ ಅಲ್ವಾ?

ಬಣ್ಣದ ನಂತರ ಅಳತೆ. ಲೀ ಚೈಲ್ಡ್ ಬರೆದ ಪತ್ತೇದಾರಿ ಕಾದಂಬರಿಗಳ ನಾಯಕ ಜ್ಯಾಕ್ ರೀಚರ್ ಆರಡಿ ಐದಿಂಚಿನ ಆಳು. 2012ರಲ್ಲಿ ಆ ಪಾತ್ರಕ್ಕೆ ಬಂದವನು ಟಾಮ್ ಕ್ರೂಸ್, ಐದಡಿ ಏಳಿಂಚು. ವ್ಯತ್ಯಾಸ ಹತ್ತು ಇಂಚು. ಅವನು ಹೇಗೆ ನಟಿಸಿದ, ಹೇಗೆ ಹೊಡೆದಾಡಿದ ಎಂದು ಯಾರೂ ಕೇಳಲಿಲ್ಲ, ಎಲ್ಲರ ಕೈಯಲ್ಲೂ ಟೇಪು. ಕೊನೆಗೆ 2022ರಲ್ಲಿ ಅದೇ ಕಥೆಗಳು ವೆಬ್ ಸರಣಿಯಾಗಿ ಬಂದಾಗ ಬೆಟ್ಟದಂಥ ಒಬ್ಬನನ್ನು ಹುಡುಕಿ ತಂದರು. ಅವನೂ ಆರಡಿ ಐದಿಂಚು ಮುಟ್ಟುವುದಿಲ್ಲ. ಆದರೆ ತೋಳಿನ ಗಾತ್ರ ನೋಡಿ ಓದುಗರು ಒಂದೆರಡು ಇಂಚು ಬಿಟ್ಟುಕೊಟ್ಟರು.

ಇದೇ ಟಾಮ್ ಕ್ರೂಸ್ ಮೇಲೆ ಅದಕ್ಕೂ ಮೊದಲೇ ಒಬ್ಬ ಲೇಖಕಿ ಗರಂ ಆಗಿದ್ದರು. ತನ್ನ ರಕ್ತಪಿಶಾಚಿ ಕಾದಂಬರಿಯ ಪಾತ್ರಕ್ಕೆ ಇವನು ಆಗಿಬರುವುದೇ ಇಲ್ಲ ಎಂದು ಆ್ಯನ್ ರೈಸ್ ಊರೆಲ್ಲ ಕೇಳುವ ಹಾಗೆ ಹೇಳಿದರು. 1994ರಲ್ಲಿ ಸಿನಿಮಾ ಸಿದ್ಧವಾಯಿತು, ನೋಡಿದರು, ಪೂರ್ತಿ ಮಾತು ಬದಲಿಸಿದರು. ಸಿನಿಮಾ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅವನನ್ನು ಹೊಗಳಿದರು. ಬರೆದವರಿಗೆ ಈ ಸೌಲಭ್ಯ ಇದೆ, ತಪ್ಪಾಯಿತು ಅನ್ನಬಹುದು. ನಾವು ಓದುಗರು ಅಷ್ಟು ಸಡಿಲ ಜನ ಅಲ್ಲ.

ಇನ್ನು ಉದ್ದ. ಇಲ್ಲಿ ನಮ್ಮ ನ್ಯಾಯ ತುಂಬಾ ಸರಳ. ಕತ್ತರಿಸಿದರೆ ‘ಕೊಂದುಬಿಟ್ಟರು’ ಅನ್ನುತ್ತೇವೆ. ಬೆಳೆಸಿದರೆ ‘ರಬ್ಬರ್ ಎಳೆದ ಹಾಗೆ ಎಳೆದರು’ ಅನ್ನುತ್ತೇವೆ. ಇದ್ದದ್ದನ್ನು ಇದ್ದ ಹಾಗೇ ತೆಗೆದರೆ ‘ಹೊಸದೇನಿದೆ ಇದರಲ್ಲಿ?’

1937ರಲ್ಲಿ ಬಂದ ‘ದಿ ಹಾಬಿಟ್’ ಮಕ್ಕಳಿಗೆಂದು ಬರೆದ, ಸುಮಾರು ಮುನ್ನೂರು ಪುಟದ ಒಂದು ಪುಸ್ತಕ. ಅದರಿಂದ 2012, 2013, 2014 ಹೀಗೆ ವರ್ಷಕ್ಕೊಂದರಂತೆ ಮೂರು ಸಿನಿಮಾ ಹಿಂಡಿದರು. ಪುಸ್ತಕದಲ್ಲಿ ಇಲ್ಲವೇ ಇಲ್ಲದ ಒಬ್ಬ ಹೆಣ್ಣುಮಗಳನ್ನು ತಂದು, ಅವಳಿಗೊಂದು ಪ್ರೇಮವನ್ನೂ ಕೊಟ್ಟರು. ನಮಗೆ ಸಿಟ್ಟು ಬಂತು. ಇತ್ತ ಪುಟ್ಟಣ್ಣ ಕಣಗಾಲ್ 1972ರಲ್ಲಿ ಉಲ್ಟಾ ಮಾಡಿದ್ದರು. ತರಾಸು ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಮೂರೂ ಕಾದಂಬರಿ ಸೇರಿಸಿ ಒಂದೇ ಸಿನಿಮಾ. ಜನ ಮುಗಿಬಿದ್ದು ನೋಡಿದರು. ಆದರೆ ‘ಇದು ನಾಗರಹಾವಲ್ಲ, ಕೇರೆಹಾವು’ ಎಂದು ತರಾಸು ಬೇಸರಪಟ್ಟಿದ್ದರಂತೆ ಎಂಬ ಮಾತು ಐವತ್ತು ವರ್ಷದಿಂದ ನಮ್ಮ ನಡುವೆ ಹರಿದಾಡುತ್ತಲೇ ಇದೆ. ಒಂದನ್ನು ಮೂರು ಮಾಡಿದರೂ ತಪ್ಪು, ಮೂರನ್ನು ಒಂದು ಮಾಡಿದರೂ ತಪ್ಪು. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಆ ಕೇರೆಹಾವಿನ ಮಾತನ್ನು ನಾನು ಕನಿಷ್ಠ ನಲವತ್ತು ಸಲ ಹೇಳಿದ್ದೇನೆ. ಮೂರು ಕಾದಂಬರಿಯಲ್ಲಿ ನಾನು ಓದಿರುವುದು ಒಂದೂವರೆ.

‘ಹಾಗಾದ್ರೆ ಏನು ಮಾಡಬೇಕು ಅಂತೀರಿ?’ ಎಂದು ಕೇಳಿದರೆ ನಮ್ಮ ಉತ್ತರ ರೆಡಿ ಇದೆ. ಒಂದು ಸಾಲೂ ಬಿಡದೆ ಪುಸ್ತಕವನ್ನು ಹಾಗೇ ತೆಗೆಯಬೇಕು.

ಇಂಥ ಒಬ್ಬ ಪುಣ್ಯಾತ್ಮ ನಿಜಕ್ಕೂ ಇದ್ದ. ಎರಿಕ್ ಫಾನ್ ಸ್ಟ್ರೋಹೈಮ್. ಫ್ರ್ಯಾಂಕ್ ನೋರಿಸ್ 1899ರಲ್ಲಿ ಬರೆದ ‘ಮೆಕ್‌ಟೀಗ್’ ಎಂಬ ಕಾದಂಬರಿಯನ್ನು ಎತ್ತಿಕೊಂಡು ಹೆಚ್ಚುಕಡಿಮೆ ಪುಟಪುಟವನ್ನೂ ಚಿತ್ರೀಕರಿಸಿದ. ಕಥೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯುತ್ತದೆಯೇ? ಸೆಟ್ ಬೇಡ, ಅಲ್ಲಿನ ಬೀದಿಗೇ ಹೋದ. ಕೊನೆ ನಡೆಯುವುದು ಡೆತ್ ವ್ಯಾಲಿಯ ಮರಳುಗಾಡಿನಲ್ಲಿ. ಬೇರೆ ಯಾರಾದರೂ ಆಗಿದ್ದರೆ ಸ್ಟುಡಿಯೋ ಹಿಂದೆ ಒಂದು ಲೋಡು ಮರಳು ಸುರಿಸುತ್ತಿದ್ದರು. ಇವನು ನಟರನ್ನೂ ಕೆಲಸದವರನ್ನೂ ಕಟ್ಟಿಕೊಂಡು ನಡು ಬೇಸಿಗೆಯಲ್ಲಿ ಅಲ್ಲಿಗೇ ಹೋದ. ಬಿಸಿಲಿಗೆ ಜನ ಕಾಯಿಲೆ ಬಿದ್ದರು. ಪುಸ್ತಕ ಮಾತ್ರ ಕೆಡಲಿಲ್ಲ.

ಸಿನಿಮಾ ಸಿದ್ಧವಾದಾಗ ಎಂಟು ಗಂಟೆಗೂ ಜಾಸ್ತಿ ಇತ್ತು. ಮೂಕಿ ಚಿತ್ರ ಬೇರೆ. ಅದನ್ನು ಪೂರ್ತಿ ನೋಡಿದವರು ಬೆರಳೆಣಿಕೆಯಷ್ಟು ಜನ. ಸ್ಟುಡಿಯೋದವರು ಗಾಬರಿಯಾಗಿ ಕತ್ತರಿ ಹಿಡಿದು, ಎರಡು ಗಂಟೆ ಚಿಲ್ಲರೆಗೆ ಇಳಿಸಿ, 1924ರಲ್ಲಿ ‘ಗ್ರೀಡ್’ ಎಂಬ ಹೆಸರಿನಲ್ಲಿ ಬಿಟ್ಟರು. ಅದೂ ಓಡಲಿಲ್ಲ. ಕತ್ತರಿಸಿದ ರೀಲು ಮತ್ತೆ ಸಿಗಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ಬಹಳ ಸಂಕಟವಾಯಿತು. ನಮ್ಮವನೊಬ್ಬ ಇದ್ದ, ಅವನನ್ನೂ ಉಳಿಸಿಕೊಳ್ಳಲಿಲ್ಲವಲ್ಲ ಅಂತ. ಹೆಂಡತಿ ಕೇಳಿದಳು, “ಎಂಟು ಗಂಟೆ ಕೂತು ನೋಡ್ತಿದ್ರಾ ನೀವು?” ನೋಡುತ್ತಿರಲಿಲ್ಲ. ಆದರೆ ಇರಬೇಕಿತ್ತು. ನೋಡುವುದು ಬೇರೆ, ಇರುವುದು ಬೇರೆ. ಮನೆಯಲ್ಲಿರುವ ದಪ್ಪ ಪುಸ್ತಕಗಳ ವಿಚಾರದಲ್ಲೂ ನನ್ನದು ಇದೇ ನಿಲುವು.

ಲೇಖಕರ ಕೈಗೇ ಚಿತ್ರಕಥೆ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತೆ ಎಂದು ಇನ್ನೊಂದು ವಾದ. ಅದೂ ಆಗಿದೆ. ಸ್ಟೀಫನ್ ಕಿಂಗ್ 1977ರಲ್ಲಿ ‘ದಿ ಶೈನಿಂಗ್’ ಬರೆದರು, ದೆವ್ವದ ಹೋಟೆಲೊಂದನ್ನು ಕಾಯಲು ಹೆಂಡತಿ ಮಗನ ಜೊತೆ ಹೋದ ಒಬ್ಬ ಅಪ್ಪನ ಕಥೆ. 1980ರಲ್ಲಿ ಕ್ಯೂಬ್ರಿಕ್ ಸಿನಿಮಾ ಮಾಡಿದರು. ಪುಸ್ತಕದಲ್ಲಿ ಬಾಯ್ಲರ್ ಸಿಡಿದು ಹೋಟೆಲೇ ಸುಟ್ಟುಹೋಗುತ್ತದೆ. ಸಿನಿಮಾದಲ್ಲಿ ಹೋಟೆಲಿಗೆ ಏನೂ ಆಗುವುದಿಲ್ಲ, ಅಪ್ಪನೇ ಹಿಮದಲ್ಲಿ ಹೆಪ್ಪುಗಟ್ಟುತ್ತಾನೆ. ಬೆಂಕಿ ಬರೆದವರಿಗೆ ಮಂಜು ಕೊಟ್ಟರೆ ಸಿಟ್ಟು ಬರದೇ ಇರುತ್ತಾ? 1997ರಲ್ಲಿ ಕಿಂಗ್ ತಾವೇ ಕೂತು ಚಿತ್ರಕಥೆ ಬರೆದು ಟಿವಿಗೆ ಮಾಡಿಸಿದರು. ಈಗಲೂ ಆ ಹೆಸರು ಹೇಳಿದರೆ ಜನರ ಕಣ್ಣಿಗೆ ಬರುವುದು ಕ್ಯೂಬ್ರಿಕ್ ತೋರಿಸಿದ ಮುಖ.

ಅದೇ ಸಿನಿಮಾದ ಕೋಣೆ ನಂಬರಿನ ಕಥೆ ಇನ್ನೂ ಚೆಂದ. ಪುಸ್ತಕದಲ್ಲಿ ದೆವ್ವದ ಕೋಣೆ 217. ಹೊರಗಿನ ನೋಟಕ್ಕೆ ಅಮೆರಿಕದ ಟಿಂಬರ್‌ಲೈನ್ ಲಾಡ್ಜ್ ಎಂಬ ನಿಜವಾದ ಹೋಟೆಲನ್ನು ಬಳಸಿದ್ದರು. ‘ಆ ನಂಬರ್ ಬೇಡ, ಆಮೇಲೆ ಆ ಕೋಣೆಗೆ ಯಾರೂ ಬರಲ್ಲ, ನಮ್ಮಲ್ಲಿ ಇಲ್ಲದ ನಂಬರ್ ಹಾಕಿ’ ಎಂದು ಅವರು ಕೇಳಿಕೊಂಡರಂತೆ. ಹಾಗಾಗಿ 237 ಆಯಿತು. ಈಗ ಆ ಹೋಟೆಲಿಗೆ ಬರುವವರು ಎಲ್ಲಕ್ಕಿಂತ ಜಾಸ್ತಿ ಕೇಳುವುದು 217ನೇ ಕೋಣೆಯನ್ನೇ! ಓದುಗರು ದೆವ್ವಕ್ಕೂ ಹೆದರುವವರಲ್ಲ. ನಂಬರ್ ತಪ್ಪಬಾರದು ಅಷ್ಟೇ.

ನಮ್ಮ ಆರ್. ಕೆ. ನಾರಾಯಣ್ ಮಾತ್ರ ಕೂಗಾಡಲಿಲ್ಲ. 1958ರ ‘ದಿ ಗೈಡ್’ 1965ರಲ್ಲಿ ಹಿಂದಿ ಸಿನಿಮಾ ಆಯಿತು. ಮಾಲ್ಗುಡಿ ಮಾಯವಾಗಿ ರಾಜಸ್ಥಾನದ ಅರಮನೆಗಳು ಬಂದವು. ಕಾದಂಬರಿಯ ಕೊನೆಯಲ್ಲಿ, ಊರಿಗೆ ಮಳೆ ಬರಲೆಂದು ಉಪವಾಸ ಕೂತ ನಾಯಕ ರಾಜು ನದಿಯಲ್ಲಿ ನಿಂತು, ದೂರದ ಬೆಟ್ಟದಲ್ಲಿ ಮಳೆ ಬರುತ್ತಿದೆ ಅನ್ನುತ್ತಾ ಕುಸಿಯುತ್ತಾನೆ. ಮಳೆ ಬಂತಾ, ಇಲ್ವಾ? ನಾರಾಯಣ್ ಹೇಳುವುದಿಲ್ಲ. ಸಿನಿಮಾದವರಿಗೆ ಈ ಅನುಮಾನ ತಡೆಯಲಾಗಲಿಲ್ಲ, ಧೋ ಎಂದು ಸುರಿಸಿಬಿಟ್ಟರು. ನಾರಾಯಣ್ ‘ಮಿಸ್‌ಗೈಡೆಡ್ ಗೈಡ್’ ಎಂಬ ಒಂದು ಪ್ರಬಂಧ ಬರೆದರು. ನಗುನಗುತ್ತಲೇ ಬಟ್ಟೆ ಒಗೆದ ಹಾಗೆ ಒಗೆದಿದ್ದಾರೆ. ನನ್ನಂಥವರಿಗೆ ಆ ನಗು ಬರುವುದಿಲ್ಲ, ಬರೀ ಒಗೆಯಲು ಬರುತ್ತದೆ.

ನಮ್ಮ ಪಂಗಡದಲ್ಲೂ ಕಳ್ಳರಿದ್ದಾರೆ, ಹೇಳಿಬಿಡುತ್ತೇನೆ. ಪುಸ್ತಕವನ್ನೇ ಓದದೆ ‘ಪುಸ್ತಕದ ಮುಂದೆ ಇದೇನೂ ಅಲ್ಲ’ ಅನ್ನುವವರು. ನನ್ನ ಗೆಳೆಯನೊಬ್ಬ ಟ್ರೈಲರ್ ನೋಡಿಯೇ ಹಾಗಂದ. “ನೀನು ಯಾವಾಗ ಓದಿದೆ?” ಎಂದು ಕೇಳಿದೆ. “ಓದಿಲ್ಲ, ಆದ್ರೆ ಸಾಮಾನ್ಯವಾಗಿ ಹಾಗೇ ಅಲ್ವಾ?” ಅಂದ. ಈ ಮಾತು ಎಲ್ಲಿ ಬೇಕಾದರೂ ನಡೆಯುತ್ತದೆ, ಯಾರೂ ಪುಟದ ನಂಬರ್ ಕೇಳುವುದಿಲ್ಲ. ಅವನೇ ಆಮೇಲೆ ಅಂಗಡಿಯಲ್ಲಿ ಆ ಪುಸ್ತಕದ ಹೊಸ ಮುದ್ರಣ ನೋಡಿದ. ಮುಖಪುಟದ ತುಂಬಾ ನಾಯಕನಟನ ಮುಖ, ಲೇಖಕರ ಹೆಸರು ಗಡ್ಡದ ಕೆಳಗೆಲ್ಲೋ ಒಂದು ಮೂಲೆಯಲ್ಲಿ. “ನೋಡೋ, ಸಿನಿಮಾನ ಪುಸ್ತಕ ಮಾಡಿದಾರೆ!” ಎಂದು ಫೋಟೊ ಕಳಿಸಿದ. ನಾನು ಉತ್ತರ ಕೊಡಲಿಲ್ಲ.

ಇರಲಿ, ದೀಪಕ್ಕೆ ಬರೋಣ.

ಆ ಸಿನಿಮಾ ನೋಡಿ ಮನೆಗೆ ಬಂದವನೇ ನಿರ್ದೇಶಕರಿಗೆ ಕಾಗದ ಬರೆಯಲು ಕೂತೆ. ಕಾದಂಬರಿಯ ಪ್ರಾಣವೇ ಆ ದೃಶ್ಯ. ರಾತ್ರಿ ಹೊತ್ತು ನಾಯಕಿ ಮನೆ ಬಿಟ್ಟು ಹೊರಡುತ್ತಾಳೆ. ಹೊಸ್ತಿಲಲ್ಲಿ ನಿಂತು ದೀಪ ಆರಿಸುತ್ತಾಳೆ. ನಾಲ್ಕು ಹೆಜ್ಜೆ ಹೋಗಿ, ವಾಪಸ್ ಬಂದು, ಮತ್ತೆ ಹಚ್ಚಿಟ್ಟು ಹೋಗುತ್ತಾಳೆ. ಒಂದೂ ಮಾತಿಲ್ಲ. ಇಪ್ಪತ್ತು ವರ್ಷದಿಂದ ಸಿಕ್ಕಸಿಕ್ಕವರಿಗೆಲ್ಲ ಇದನ್ನು ಹೇಳಿದ್ದೇನೆ. ಹೇಳುವಾಗ ಗಂಟಲು ಕಟ್ಟುತ್ತದೆ. ಅಂಥದ್ದನ್ನೇ ನುಂಗಿ ಹಾಕಿದ್ದಾರೆ ಅಂದರೆ! ನಾಲ್ಕು ಪುಟ ಆಯಿತು ಕಾಗದ. ಓದಿ ಹೇಳಿದೆ.

“ಚೆನ್ನಾಗಿದೆ ಕಣ್ರೀ,” ಅಂದಳು ಹೆಂಡತಿ. “ಎಷ್ಟನೇ ಪುಟದಲ್ಲಿದೆ ಅಂತ ಹಾಕ್ಬಿಡಿ. ಎದುರು ಮಾತಾಡೋ ಹಾಗಿರಬಾರದು.”

ನ್ಯಾಯವಾದ ಮಾತು. ಪುಸ್ತಕ ತೆಗೆದೆ. ನಾಯಕಿ ಮನೆ ಬಿಡುವುದು 212ನೇ ಪುಟದಲ್ಲಿ. ‘ಮರುದಿನ ಬೆಳಿಗ್ಗೆ ಅವಳು ಹೊರಟುಹೋದಳು’ ಎಂದಿತ್ತು. ಅಷ್ಟೇ. ಅಲ್ಲಿಗೆ ಅಧ್ಯಾಯ ಮುಗಿದಿತ್ತು. ಹಿಂದಿನ ಪುಟ ನೋಡಿದೆ, ಮುಂದಿನದು ನೋಡಿದೆ. ಮೊದಲಿಂದ ಶುರು ಮಾಡಿದೆ. ರಾತ್ರಿ ಒಂದು ಗಂಟೆಗೆ ಕೊನೆಯ ಪುಟ ತಲುಪಿದೆ. ಇಡೀ ಪುಸ್ತಕದಲ್ಲಿ ದೀಪ ಬರುವುದು ಒಂದೇ ಕಡೆ, ಅದೂ ಎಣ್ಣೆ ತುಟ್ಟಿಯಾಯಿತು ಎಂದು ಚಿಕ್ಕಪ್ಪ ಗೊಣಗುವಾಗ. ಬಾಗಿಲಿನ ಬಣ್ಣದ ಸುದ್ದಿಯೇ ಇರಲಿಲ್ಲ.

“ರೀ, ಸಿಕ್ತಾ ದೀಪ?” ಒಳಗಿಂದ ನಿದ್ದೆಗಣ್ಣಿನ ದನಿ.

“ಇದು ಐದನೇ ಮುದ್ರಣ,” ಅಂದೆ. “ಮೊದಲನೇ ಮುದ್ರಣದಲ್ಲಿ ಇರುತ್ತೆ.”

ಕಾಗದ ಹರಿಯಲು ಮನಸ್ಸಾಗಲಿಲ್ಲ. ನಾಲ್ಕು ಪುಟ, ಅಷ್ಟು ಚೆನ್ನಾಗಿ ಬಂದಿತ್ತು. ಮೇಲಿದ್ದ ‘ಮಾನ್ಯ ನಿರ್ದೇಶಕರಿಗೆ’ ಎಂಬುದನ್ನು ಹೊಡೆದುಹಾಕಿ, ‘ಮಾನ್ಯ ಪ್ರಕಾಶಕರಿಗೆ’ ಎಂದು ತಿದ್ದಿದೆ.