ನೈಸಿಯಾಕ್ಕಿಂತ ಹಳೆಯ ಸಾಕ್ಷಿಗಳಿವೆ

"ಯೇಸುವನ್ನು ದೇವರು ಮಾಡಿದ್ದೇ 325ರ ನೈಸಿಯಾ ಸಭೆ, ಅಲ್ಲಿಯವರೆಗೆ ಆತ ಬರೀ ಒಬ್ಬ ಗುರು" ಎಂದು ಲೇಖಕರೊಬ್ಬರು ಹೇಳಿದ ಮಾತು ಇಸವಿ ನೋಡಿದರೇ ಬಿದ್ದುಹೋಗುತ್ತದೆ. ನೈಸಿಯಾ ಸಭೆಯೆಂದರೆ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕರೆಸಿದ ಕ್ರೈಸ್ತ ಬಿಷಪ್‌ಗಳ ಸಭೆ. ಸುಮಾರು 112ರಲ್ಲೇ ರೋಮನ್ ಪ್ರಾಂತ್ಯ ಬಿಥಿನಿಯಾದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರೇಜನ್‌ಗೆ ಪತ್ರ ಬರೆದು, ಕ್ರೈಸ್ತರು ಗೊತ್ತುಪಡಿಸಿದ ದಿನ ಬೆಳಕು ಹರಿಯುವ ಮುಂಚೆ ಸೇರಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ ಎಂದು ತಿಳಿಸಿದ್ದಾನೆ. ನಿಜ ಬಾಯಿಬಿಡಿಸಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ್ದನ್ನೂ ತಾನೇ ಬರೆದಿದ್ದಾನೆ, ಯಾವ ಅಳುಕೂ ಇಲ್ಲದೆ. ಭಕ್ತ ಬರೆದದ್ದಲ್ಲ ಸ್ವಾಮಿ, ಅವರನ್ನು ಕೊಲ್ಲಿಸುತ್ತಿದ್ದ ಅಧಿಕಾರಿ ಬರೆದದ್ದು. ಸಿರಿಯಾದ ಡ್ಯುರಾ-ಯುರೋಪೋಸ್‌ನ ಮನೆ-ಚರ್ಚಿನ ಗೋಡೆಯಲ್ಲಿ ಯೇಸು ನೀರಿನ ಮೇಲೆ ನಡೆಯುವ ಚಿತ್ರ ಸಿಕ್ಕಿದೆ. ಆ ಊರು ಹಾಳಾದದ್ದು ಸುಮಾರು 256ರಲ್ಲಿ, ಆಗ ಕಾನ್‌ಸ್ಟಂಟೈನ್ ಹುಟ್ಟಿಯೇ ಇರಲಿಲ್ಲ!

ನೈಸಿಯಾದಲ್ಲಿ ಜಗಳ ನಡೆದದ್ದು ಮಗ ತಂದೆಗೆ ಸಮನೋ, ತಂದೆಯಿಂದ ಸೃಷ್ಟಿಯಾದವನೋ ಎಂಬುದಕ್ಕೆ. ಬೈಬಲಿನ ಪುಸ್ತಕಗಳನ್ನು ಆರಿಸಿದ್ದೂ ಅಲ್ಲೇ ಅನ್ನುವವರಿದ್ದಾರೆ, ಆದರೆ ಆ ಆಯ್ಕೆಯಂತೂ ಸಭೆ ಮಾಡಿದ 20 ನಿಯಮಗಳಲ್ಲಿ ಎಲ್ಲೂ ಇಲ್ಲ. ರಾಜಕೀಯ ಇರಲಿಲ್ಲ ಅನ್ನುತ್ತಿಲ್ಲ, ಧಾರಾಳವಾಗಿತ್ತು. ಆದರೆ ಈ ಸಿದ್ಧಾಂತ ಕಾನ್‌ಸ್ಟಂಟೈನ್ ಹುಟ್ಟಿಸಿದ್ದು ಅನ್ನುವುದಾದರೆ, ಮಗ ಸೃಷ್ಟಿಯಾದವನು ಎಂದು ಬೋಧಿಸಿ ಸಭೆಯ ಖಂಡನೆಗೆ ಗುರಿಯಾದ ಏರಿಯಸ್‌ನನ್ನು ಕೆಲವೇ ವರ್ಷಗಳಲ್ಲಿ ಗಡೀಪಾರಿನಿಂದ ವಾಪಸ್ ಕರೆಸಿದವನೂ ಅದೇ ಚಕ್ರವರ್ತಿ. 337ರಲ್ಲಿ ಸಾಯುವ ಹೊತ್ತಿಗೆ ದೀಕ್ಷಾಸ್ನಾನ ಪಡೆದದ್ದು ಏರಿಯಸ್‌ನ ಬೆಂಬಲಿಗನಾಗಿದ್ದ ನಿಕೊಮೀಡಿಯಾದ ಬಿಷಪ್ ಯುಸೀಬಿಯಸ್‌ನಿಂದ. ತಾನೇ ಹುಟ್ಟಿಸಿದ ಸಿದ್ಧಾಂತವನ್ನು ಯಾರಾದರೂ ಹೀಗೆ ಕೈಬಿಡುತ್ತಾರಾ?