ಮಾತು ಬಾರದ ಕೂಸಿಗೆ ಸಹಾಯ ಮಾಡುವವರು ಯಾರೆಂದು ಗೊತ್ತಾಗುತ್ತದೆಯೇ?

ಪರ

2007ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕೈಲಿ ಹ್ಯಾಮ್ಲಿನ್, ಕರೆನ್ ವಿನ್, ಪಾಲ್ ಬ್ಲೂಮ್ ನಡೆಸಿದ ಪ್ರಯೋಗ ಸರಳವಾದದ್ದು, ಆದರೆ ಬಹಳ ಎಚ್ಚರದಿಂದ ಹೆಣೆದದ್ದು. ಮರದಿಂದ ಮಾಡಿ ಕಣ್ಣು ಅಂಟಿಸಿದ ಆಕಾರವೊಂದು ಗುಡ್ಡ ಹತ್ತಲು ಎರಡು ಸಲ ಯತ್ನಿಸಿ ಜಾರುತ್ತದೆ. ಮೂರನೇ ಸಲ ಇನ್ನೊಂದು ಆಕಾರ ಕೆಳಗಿನಿಂದ ನೂಕಿ ಹತ್ತಿಸುತ್ತದೆ. ಮತ್ತೊಂದು ದೃಶ್ಯದಲ್ಲಿ ಬೇರೊಂದು ಆಕಾರ ಮೇಲಿನಿಂದ ಬಂದು ಅದನ್ನು ಕೆಳಕ್ಕೆ ತಳ್ಳುತ್ತದೆ. ಮಗುವಿಗೆ ನೋಡಿ ನೋಡಿ ಆಸಕ್ತಿ ಕುಗ್ಗುವವರೆಗೂ ಇವನ್ನೇ ತೋರಿಸಿ, ಆಮೇಲೆ ನೂಕಿದ್ದನ್ನೂ ತಳ್ಳಿದ್ದನ್ನೂ ಮುಂದಿಡುತ್ತಾರೆ. ಹತ್ತು ತಿಂಗಳ 16 ಮಕ್ಕಳಲ್ಲಿ 14, ಆರು ತಿಂಗಳ 12ಕ್ಕೆ 12 ಮಕ್ಕಳೂ ಸಹಾಯ ಮಾಡಿದ್ದಕ್ಕೇ ಕೈ ಚಾಚಿದವು.

ತಾಯಿಯಿಂದ ಸುಳಿವು ಸಿಕ್ಕಿರಬಹುದೇ? ಆಯ್ಕೆಯ ಹೊತ್ತಿಗೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡವರು ಕಣ್ಣು ಮುಚ್ಚಿರಬೇಕು. ಆಕಾರಗಳನ್ನು ಮುಂದೆ ಹಿಡಿಯುವವರಿಗೆ ಯಾವುದು ಏನು ಮಾಡಿತೆಂದು ಗೊತ್ತಿರುವುದಿಲ್ಲ. ಬರೀ ಮೇಲಕ್ಕೆ ಹೋಗುವ ಚಲನೆ ಹಿಡಿಸಿತೇ? ಕಣ್ಣಿಲ್ಲದ ಜಡ ವಸ್ತುವನ್ನು ಹಾಗೇ ನೂಕಿ ತೋರಿಸಿದಾಗ ಆ ಒಲವು ಕಾಣಲಿಲ್ಲ. ಇದನ್ನು ನೀತಿಪ್ರಜ್ಞೆ ಎಂದು ಕರೆಯುವುದು ಅವಸರವಾದೀತು. ಯಾರ ಹತ್ತಿರ ಹೋಗಬಹುದು ಎಂಬ ಅಂದಾಜಂತೂ ಇದೆ ಎಂದೇ ನನ್ನ ನಂಬಿಕೆ.

ವಿರೋಧ

ಹನ್ನೆರಡು ಮಕ್ಕಳ ಮೇಲೆ ಇಷ್ಟು ಭಾರ ಹೊರಿಸಬಾರದು. 2012ರಲ್ಲಿ ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸಣ್ಣ ಸಂಗತಿ ಗಮನಿಸಿದರು: ತುದಿ ಮುಟ್ಟಿದ ಆಕಾರ ಖುಷಿಯಿಂದ ಕುಪ್ಪಳಿಸುತ್ತಿತ್ತು, ತಳ್ಳಿಸಿಕೊಂಡಾಗ ಕುಪ್ಪಳಿಸುತ್ತಿರಲಿಲ್ಲ. ಅವರು ಆ ಕುಪ್ಪಳಿಕೆಯನ್ನು ಗುಡ್ಡದ ಬುಡಕ್ಕೆ ಬದಲಾಯಿಸಿದರು. ಮಕ್ಕಳು ತಳ್ಳಿದ್ದನ್ನೇ ಆರಿಸಿಕೊಂಡವು! ಎರಡೂ ಕಡೆ ಕುಪ್ಪಳಿಸಿದಾಗ ಯಾವ ಒಲವೂ ಉಳಿಯಲಿಲ್ಲ. ಒಟಾಗೊ ಪ್ರಯೋಗದಲ್ಲಿ ಹತ್ತುವ ಆಕಾರದ ಕಣ್ಣುಗುಡ್ಡೆ ತುದಿಯತ್ತ ನೆಟ್ಟಿರಲಿಲ್ಲ, ಹಾಗಾಗಿ ಅದರ ಗುರಿ ಮಗುವಿಗೆ ತಿಳಿಯಲಿಲ್ಲ ಎಂದು ಹ್ಯಾಮ್ಲಿನ್ ಉತ್ತರಿಸಿದರು. ಆ ಮಾತಿನಲ್ಲಿ ಹುರುಳಿದೆ. ಆದರೆ ಕಣ್ಣುಗುಡ್ಡೆ ಅತ್ತಿತ್ತಾದರೆ ಬಿದ್ದುಹೋಗುವ ಫಲಿತಾಂಶದ ಮೇಲೆ ಹುಟ್ಟುಗುಣದ ಸಿದ್ಧಾಂತ ಕಟ್ಟುವುದು ಹೇಗೆ?

ಈ ಜಗಳ ತೀರಿಸಲೆಂದು ಮೆನಿಬೇಬೀಸ್ ಎಂಬ ಸಂಶೋಧಕರ ಅಂತರರಾಷ್ಟ್ರೀಯ ಕೂಟ ಪ್ರಯೋಗವನ್ನು ಮತ್ತೆ ಮಾಡಿ ನೋಡಿತು. ಸ್ವತಃ ಹ್ಯಾಮ್ಲಿನ್ ಅದರಲ್ಲಿದ್ದರು ಎಂಬುದು ಮೆಚ್ಚಬೇಕಾದ ವಿಷಯ. 37 ಪ್ರಯೋಗಾಲಯಗಳು, ಲೆಕ್ಕಕ್ಕೆ ಸೇರಿದ 567 ಮಕ್ಕಳು, ಎಲ್ಲ ಕಡೆಯೂ ಒಂದೇ ವಿಡಿಯೊ. ಸಹಾಯ ಮಾಡಿದ್ದನ್ನು ಆರಿಸಿದವರು ಶೇ. 49ರಷ್ಟು, ಅಂದರೆ ನಾಣ್ಯ ಚಿಮ್ಮಿದಷ್ಟೇ. ಪರದೆಯ ಮೇಲಿನ ಆಕಾರ ಎದುರಿಗೆ ಆಡುವ ಮರದ ಆಕಾರದಂತಲ್ಲ ಎಂಬ ಆಕ್ಷೇಪ ಉಳಿದಿದೆ. ಹಾಗಾದರೆ ಅದೇ ಪ್ರಯೋಗಾಲಯಗಳಲ್ಲಿ, ಕಣ್ಣುಗುಡ್ಡೆ ತುದಿಯತ್ತ ನೆಟ್ಟು, ಕುಪ್ಪಳಿಕೆ ತೆಗೆದು, ಅರ್ಧ ಮಕ್ಕಳಿಗೆ ಎದುರಿನಲ್ಲೇ ಆಡಿಸಿ, ಉಳಿದರ್ಧಕ್ಕೆ ವಿಡಿಯೊದಲ್ಲಿ ತೋರಿಸಿ ಹೋಲಿಸಲಿ.