ಮಂಗಳಯಾನದ ಮೇಲೊಂದು ಆಕ್ಷೇಪಣೆ

ಕಾಮಗಾರಿ ಎಂದ ಮೇಲೆ ಅದು ಹೇಳಿದ ಹೊತ್ತಿಗೆ ಹಾಳಾಗಬೇಕು. ನಮ್ಮ ಬೀದಿಯನ್ನೇ ನೋಡಿ. ಮಾರ್ಚಿನಲ್ಲಿ ಡಾಂಬರು ಬಿತ್ತು, ಜೂನ್ ಮೊದಲ ಮಳೆಗೆ ಜಲ್ಲಿ ಎದ್ದಿತು. ಎದುರು ಮನೆಯವರು ಗುಂಡಿಯಲ್ಲಿ ಎಚ್ಚರಿಕೆಗೆಂದು ನುಗ್ಗೆ ಕೊಂಬೆ ನೆಟ್ಟರು, ಅದೀಗ ಚಿಗುರಿದೆ. ಇನ್ನೊಂದು ಟೆಂಡರ್, ಇನ್ನೊಂದು ಗುದ್ದಲಿ ಪೂಜೆ, ನಾಲ್ಕು ಮನೆಗೆ ಅನ್ನ.

ಈ ಧರ್ಮಕ್ಕೆ ಕಲ್ಲು ಹಾಕಿದವರು ಇಸ್ರೋದವರು. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹಾರಿದ ಮಂಗಳಯಾನಕ್ಕೆ ತಗುಲಿದ್ದು 450 ಕೋಟಿ ರೂಪಾಯಿ. ಮಂಗಳನ ಸುತ್ತ ಅದರ ಆಯಸ್ಸು ಆರು ತಿಂಗಳು ಎಂದು ಬರೆದಿಟ್ಟವರೂ ಅವರೇ. 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿದ್ದು 2022ರ ಏಪ್ರಿಲ್‌ವರೆಗೂ ಸುತ್ತಿತು. ಏಳೂವರೆ ವರ್ಷ! ಆರು ತಿಂಗಳಿಗೊಂದರಂತೆ ಹದಿನೈದು ಟೆಂಡರ್ ಕರೆಯಬಹುದಾಗಿದ್ದ ಜಾಗದಲ್ಲಿ ಒಂದೇ ನೌಕೆ. ಎಷ್ಟು ಗುತ್ತಿಗೆದಾರರ ಹೊಟ್ಟೆಯ ಮೇಲೆ ಹೊಡೆದಂತಾಯಿತು, ಯಾರಾದರೂ ಲೆಕ್ಕ ಹಾಕಿದ್ದಾರೆಯೇ?

ಜಿಪುಣತನವಾದರೂ ಎಂಥದ್ದು! ಕೈಯಲ್ಲಿದ್ದ ಪಿಎಸ್‌ಎಲ್‌ವಿ ರಾಕೆಟ್ಟಿಗೆ ನೌಕೆಯನ್ನು ನೇರವಾಗಿ ಮಂಗಳಕ್ಕೆ ಎಸೆಯುವ ತ್ರಾಣವಿರಲಿಲ್ಲ. ದೊಡ್ಡದು ಬರಲಿ ಎಂದು ಕಾಯದೆ, ಭೂಮಿಯ ಸುತ್ತಲೇ ಕಕ್ಷೆಯನ್ನು ಸುತ್ತು ಸುತ್ತಿಗೂ ಹಿಗ್ಗಿಸಿ, ಡಿಸೆಂಬರ್ 1ರಂದು ಕವಣೆಕಲ್ಲಿನಂತೆ ಬೀಸಿ ಕಳಿಸಿದರು. ಕಿಲೋಮೀಟರಿಗೆ ಏಳು ರೂಪಾಯಿ ಬಿದ್ದಿತೆಂದು ಪ್ರಧಾನಿಯವರೇ ಹೆಮ್ಮೆಪಟ್ಟರು. ಬೆಂಗಳೂರಿನ ಆಟೋದಲ್ಲಿ 2025ರ ಆಗಸ್ಟಿನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಅದೂ ಮೀಟರ್ ಹಾಕಿದರೆ.

ಅಮೆರಿಕದವರಂತೂ ಇವರಿಗಿಂತ ಹಳೆಯ ಪಾಪಿಗಳು. 1977ರಲ್ಲಿ ಬಿಟ್ಟ ವಾಯೇಜರ್ 1 ಎಂಬ ಬಾಹ್ಯಾಕಾಶ ನೌಕೆ 2023ರ ನವೆಂಬರಿನಲ್ಲಿ ಅರ್ಥವಿಲ್ಲದ್ದನ್ನು ತೊದಲತೊಡಗಿತು. ನಲವತ್ತಾರು ವರ್ಷದ ಯಂತ್ರ, ನೀರು ಬಿಟ್ಟು ಕೈತೊಳೆದುಕೊಳ್ಳಬಹುದಿತ್ತು. ಇವರು ಸುಮಾರು 2,400 ಕೋಟಿ ಕಿಲೋಮೀಟರ್ ಆಚೆ ಒಂದು ಚಿಪ್ ಕೆಟ್ಟಿದೆಯೆಂದು ಪತ್ತೆಹಚ್ಚಿ, ಅದರಲ್ಲಿದ್ದ ಆದೇಶಗಳನ್ನು ತುಂಡು ತುಂಡಾಗಿ ಬೇರೆ ಕಡೆಗೆ ಸಾಗಿಸಿ, 2024ರ ಏಪ್ರಿಲಿನಲ್ಲಿ ಅದರ ಬಾಯಿ ಬಿಡಿಸಿದರು. ಒಂದು ಸಂದೇಶ ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರಕ್ಕೆ ಮತ್ತಷ್ಟೇ. ನಮ್ಮ ಮನೆಯಿಂದ ಹನ್ನೆರಡು ಹೆಜ್ಜೆ ದೂರದ ಬೀದಿದೀಪ ಯುಗಾದಿಯಿಂದ ಕಣ್ಣು ಮಿಟುಕಿಸುತ್ತಿದೆ. ದೂರು ಕೊಟ್ಟಿದ್ದೇನೆ. ನೋಂದಣಿ ಸಂಖ್ಯೆ ಮಾತ್ರ ತಕ್ಷಣ ಬಂತು, ಸುಳ್ಳು ಹೇಳಬಾರದು.

ಕೊನೆಗೂ ಮಂಗಳಯಾನ ದೀರ್ಘ ಗ್ರಹಣದ ನೆರಳಿಗೆ ಸಿಕ್ಕಿ ಮೌನವಾಯಿತು. ಬ್ಯಾಟರಿಗೆ ತಾಳಿಕೆ ಇದ್ದದ್ದು ಒಂದು ಗಂಟೆ ನಲವತ್ತು ನಿಮಿಷದ ಕತ್ತಲೆಗಷ್ಟೇ. ಇಂಧನವೂ ತೀರಿರಬೇಕೆಂದು ಇಸ್ರೋ ಅಂದಾಜಿಸಿತು. ಅಷ್ಟರೊಳಗೆ ಅದರ ಚಿತ್ರ ಎರಡು ಸಾವಿರದ ನೋಟಿನ ಬೆನ್ನೇರಿತ್ತು. 2016ರ ನವೆಂಬರಿನಲ್ಲಿ ಗರಿಗರಿಯಾಗಿ ಬಂದ ಆ ನೋಟನ್ನು 2023ರ ಮೇ ತಿಂಗಳಲ್ಲಿ ಚಲಾವಣೆಯಿಂದ ಹಿಂಪಡೆಯುವುದಾಗಿ ರಿಸರ್ವ್ ಬ್ಯಾಂಕ್ ಪ್ರಕಟಿಸಿತು. ನೌಕೆ ಏಳೂವರೆ ವರ್ಷ, ನೋಟು ಆರೂವರೆ. ನೋಟಿಗಾದರೂ ವ್ಯವಹಾರಜ್ಞಾನವಿತ್ತು.